ಸ್ಪ್ರಿಂಗಿನ ಮುಖ

ಅಳಿಯ ಕೈಗವಸು ತೊಡುವುದನ್ನು ಕಂಡಾಗಲೇ ಲೂಸಿಯನ್‌ನ ಬಾಯಿ ಕಹಿಯಾಯಿತು. ಹಲ್ಲಿನ ಡಾಕ್ಟರು ಹಾಕಿಕೊಳ್ಳುವಂಥ ತೆಳು ನೀಲಿ ಗವಸು. ಒಂದೊಂದೇ ಬೆರಳಿನ ತುದಿ ಎಳೆದು ಸರಿಮಾಡಿಕೊಂಡ ಮೇಲೆ ವೆಂಡೆಲ್ ತನ್ನ ಫೋನನ್ನು ಕಾರಿನ ಬ್ಯಾಟರಿಗೆ ಒರಗಿಸಿ ನಿಲ್ಲಿಸಿದ. ಅದು ಜಾರಿತು. ಮತ್ತೆ ನಿಲ್ಲಿಸಿದ, ಮತ್ತೆ ಜಾರಿತು. ಮೂರನೆಯ ಸಲ ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಅದಕ್ಕೆ ಆಸರೆ ಕೊಟ್ಟ. ಫೋನಿನೊಳಗಿಂದ ಯಾವನೋ ಒಬ್ಬ ಉತ್ಸಾಹದಿಂದ ಎಲ್ಲರಿಗೂ ನಮಸ್ಕಾರ ಹೇಳಿ, ಈ ದಿನ ನಾವು ಥರ್ಮೋಸ್ಟಾಟ್ ಬದಲಾಯಿಸುವುದು ಹೇಗೆಂದು ನೋಡೋಣ ಎಂದ. ಮೂವತ್ತನಾಲ್ಕು ವರ್ಷ ಇಂಜಿನ್ನುಗಳ ಹೊಟ್ಟೆಯೊಳಗೆ ಕೈಯಿಟ್ಟು ಬದುಕಿದವನು ಮೂರು ಮಾರು ದೂರದಲ್ಲಿ, ಮಡಚುವ ಕುರ್ಚಿಯ ಮೇಲೆ, ತೊಡೆಗೆ ಕಂಬಳಿ ಹೊದ್ದು ಕೂತಿದ್ದ. ಕಂಬಳಿ ಮಗಳು ಕೊಲೆಟ್ ಹೊದಿಸಿದ್ದು. ಬೇಡವೆಂದು ಅವನು ಎರಡು ಸಲ ಕೆಳಗೆ ಬೀಳಿಸಿದ್ದ. ಎರಡು ಸಲವೂ ವೆಂಡೆಲ್ ಗವಸು ಬಿಚ್ಚಿ ಬಂದು, ಎತ್ತಿ, ಮತ್ತೆ ಹೊದಿಸಿ, ಮತ್ತೆ ಗವಸು ತೊಟ್ಟಿದ್ದ.

ಕೊಲೆಟ್‌ಳ ಕಾರಿನಲ್ಲಿ ಹದಿನೈದು ದಿನದಿಂದ ಬಿಸಿಗಾಳಿ ಬರುತ್ತಿರಲಿಲ್ಲ. ಮುದುಕರನ್ನು ನೋಡಿಕೊಳ್ಳುವ ಆಸ್ಪತ್ರೆಯಲ್ಲಿ ಅವಳಿಗೆ ನರ್ಸ್ ಕೆಲಸ, ಮನೆಯಿಂದ ಇಪ್ಪತ್ತೆರಡು ಮೈಲಿ. ನವೆಂಬರಿನ ಗಾಳಿ ಆಗಲೇ ಕೆನಡಾದ ಕಡೆಯಿಂದ ಹೊಳೆ ದಾಟಿ ಬಂದು ಆಲೂಗೆಡ್ಡೆ ಹೊಲಗಳ ಮೇಲೆ ಬೀಸುತ್ತಿತ್ತು. ಕಾಲು ಮರಗಟ್ಟುತ್ತದೆ ಎಂದು ಅವಳು ಊಟದ ಮೇಜಿನಲ್ಲಿ ಹೇಳಿದ ದಿನವೇ ಲೂಸಿಯನ್, ತಲೆಯೆತ್ತದೆ, ಥರ್ಮೋಸ್ಟಾಟ್ ತೆರೆದುಕೊಂಡು ನಿಂತುಬಿಟ್ಟಿದೆ, ನೀರು ಬಿಸಿಯಾಗುವ ಮೊದಲೇ ರೇಡಿಯೇಟರಿಗೆ ಓಡುತ್ತಿದೆ ಎಂದಿದ್ದ. ಕಾರು ನೋಡದೆಯೇ ಹೇಳಿದ್ದ. ಆಮೇಲೆ ಗೋಡೆಯಾಚೆ ಗಂಡಹೆಂಡಿರ ಮಾತು ಕೇಳಿಸಿತ್ತು. ಗ್ಯಾರೇಜಿಗೆ ಕೊಡೋಣ ಎಂದು ಕೊಲೆಟ್. ಬೇಡ, ಮನೆಯಲ್ಲೇ ಮಾಡೋಣ, ನಿಮ್ಮಪ್ಪ ಇದ್ದಾರಲ್ಲ ಎಂದು ವೆಂಡೆಲ್. ಕತ್ತಲಲ್ಲಿ ಮಲಗಿದ್ದವನಿಗೆ ಆ ಕ್ಷಣ ಎದೆಯೊಳಗೆ ಏನೋ ಉಬ್ಬಿಬಂತು. ಅಂಥವನ ಬಾಯಿಂದ ಬಂದ ಒಂದು ಮಾತಿಗೆ ಹೀಗೆ ಉಬ್ಬಿದೆನಲ್ಲ ಎಂದು ಮರುಗಳಿಗೆಯೇ ತನ್ನ ಮೇಲೆ ಅಸಹ್ಯವಾಯಿತು.

ಅಂಥವನು ಎಂದರೆ ಹೈಸ್ಕೂಲಿನಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುವವನು. ದಕ್ಷಿಣದ ಪಟ್ಟಣದಿಂದ ಬಂದವನು, ಈ ಗಡಿಯೂರುಗಳಲ್ಲಿ ಆಡುವ ಫ್ರೆಂಚ್ ಒಂದು ಮಾತೂ ಬಾರದು. ಮದುವೆಯಾದ ಹೊಸತರಲ್ಲಿ ಕಲಿಯುತ್ತೇನೆಂದು ಪುಸ್ತಕ ಹಿಡಿದು ಕೂತಿದ್ದ, ಕೊನೆಗೆ ಬಂದದ್ದು ಉಪ್ಪು ಕೊಡಿ ಎನ್ನುವುದೊಂದೇ. ಲೂಸಿಯನ್‌ನ ಹೆಂಡತಿ ಜಿನೆಟ್ ಅದಕ್ಕೇ ಖುಷಿಪಟ್ಟು ಪ್ರತಿ ಊಟದಲ್ಲೂ ಉಪ್ಪಿನ ಡಬ್ಬಿಯನ್ನು ತನ್ನ ಕಡೆ ಇಟ್ಟುಕೊಂಡು ಅವನು ಕೇಳುವುದನ್ನು ಕಾಯುತ್ತಿದ್ದಳು. ಅವಳು ಸತ್ತು ಎರಡು ವರ್ಷವಾಯಿತು. ಅವಳು ಹೋದ ಮೇಲೆ ಮಗಳೂ ಅಳಿಯನೂ ಈ ಮನೆಗೇ ಬಂದು ಕೂತರು. ಲೂಸಿಯನ್‌ನ ಗ್ಯಾರೇಜಿನ ಗೋಡೆಯಲ್ಲಿ, ಸ್ಪ್ಯಾನರುಗಳು ಗಾತ್ರದ ಸಾಲಿನಲ್ಲಿ ತೂಗುತ್ತಿದ್ದ ಜಾಗದಲ್ಲಿ, ಈಗ ಹಾಡುವ ಮಕ್ಕಳು ಕಾಗದ ಇಟ್ಟುಕೊಳ್ಳುವ ತಂತಿಯ ಸ್ಟ್ಯಾಂಡುಗಳು, ಹನ್ನೆರಡು, ಕಾಲು ಮಡಚಿಕೊಂಡು ಕೊಕ್ಕರೆಗಳ ಹಾಗೆ ನೇತಾಡುತ್ತಿದ್ದವು.

ವೆಂಡೆಲ್ ರೇಡಿಯೇಟರಿನ ಕೆಳಗೆ ಅಗಲವಾದ ಬೋಗುಣಿ ಇಟ್ಟು ತಿರುಪು ಸಡಿಲಿಸಿದ. ಹಸಿರು ನೀರು ಸಣ್ಣಗೆ ಇಳಿಯಿತು. ಒಂದು ಹನಿಯೂ ಹೊರಗೆ ಬೀಳಲಿಲ್ಲ. ಬೀಳಬೇಕಿತ್ತು ಎಂದು ಲೂಸಿಯನ್‌ಗೆ ಅನ್ನಿಸಿತು. ಮೊದಲ ಸಲ ಮಾಡುವವನ ಅಂಗಿ ತೋಳು ನೆನೆಯಲೇಬೇಕು. ಪೈಪಿನ ಕ್ಲಿಪ್ಪನ್ನು ಇಕ್ಕಳದಲ್ಲಿ ಹಿಡಿದು ಹಿಂದಕ್ಕೆ ಸರಿಸುವಾಗ ಅದು ಚಿಮ್ಮಿ ಎಲ್ಲೋ ಸಂದಿಯಲ್ಲಿ ಕಳೆದುಹೋಗಬೇಕು, ಆಗ ಅವನು ನೆಲದ ಮೇಲೆ ಮಂಡಿಯೂರಿ ಹುಡುಕಬೇಕು, ಆಗ ತಾನು ಇಲ್ಲಿಂದಲೇ, ಎಡಗಾಲಿನ ಹತ್ತಿರ ನೋಡು ಎನ್ನಬೇಕು. ಕ್ಲಿಪ್ಪು ಚಿಮ್ಮಲಿಲ್ಲ. ವೆಂಡೆಲ್ ಅದನ್ನು ಪೈಪಿನ ಮೇಲೆಯೇ ಎರಡು ಅಂಗುಲ ಹಿಂದಕ್ಕೆ ಒಯ್ದು ಬಿಟ್ಟ. ಪೈಪು ಕೀಳುವ ಮುಂಚೆ ಅದರ ಬಾಯಿಯನ್ನು ಸ್ವಲ್ಪ ತಿರುಚಿ ಸಡಿಲಮಾಡಿಕೊಂಡ. ಅದನ್ನು ಯಾರು ಹೇಳಿದರು? ಆ ಗಾಜಿನೊಳಗಿನವನು ಹೇಳಿದ್ದು ಲೂಸಿಯನ್‌ಗೆ ಕೇಳಿರಲಿಲ್ಲ. ಬೋಲ್ಟು ಎರಡು. ಮೊದಲನೆಯದು ಬಂತು. ಎರಡನೆಯದು ಸಿಕ್ಕಿಕೊಂಡಿತು, ಲೂಸಿಯನ್‌ನ ಜೀವ ಹಗುರಾಯಿತು.

“ಜೋರ್ ಮಾಡ್ಬೇಡ, ಮುರಿಯುತ್ತೆ,” ಎಂದ.

“ಹೌದು, ಮಾಡ್ತಿಲ್ಲ ಲೂಸಿಯನ್,” ಎಂದ ವೆಂಡೆಲ್. ಊರಲ್ಲಿ ಎಲ್ಲರೂ ಕರೆಯುವ ಹಾಗೆಯೇ ಹೆಸರು ಹಿಡಿದು ಕರೆಯುತ್ತಾನೆ, ಆದರೆ ದನಿಯಲ್ಲಿ ಹಾಜರಿ ಪುಸ್ತಕ ಓದುವವನ ತಾಳ್ಮೆ. ಎಣ್ಣೆ ಸಿಂಪಡಿಸಿ ಕೈಕಟ್ಟಿ ಕಾದ. ಐದು ನಿಮಿಷ. ಕಾಯುತ್ತ ಏನೋ ರಾಗ ಗುನುಗಿಕೊಂಡ. ಆಮೇಲೆ ಬೋಲ್ಟು ಬೆಣ್ಣೆಯಿಂದ ಬಂದ ಹಾಗೆ ಬಂತು.

ಲೂಸಿಯನ್ ಕಂಬಳಿಯೊಳಗೆ ತನ್ನ ಕೈಗಳನ್ನು ಒಂದರೊಳಗೊಂದು ಹಿಡಿದುಕೊಂಡ. ಗೆಣ್ಣು ಗೆಣ್ಣಿಗೂ ಗಂಟು, ಬಲಗೈಯ ನಡುಬೆರಳು ಉಂಗುರಬೆರಳಿನ ಮೇಲೆ ಒರಗಿಬಿಟ್ಟಿದೆ. ಬೆಳಗಿನ ಹೊತ್ತು ಅಂಗಿಯ ಗುಂಡಿ ಹಾಕಿಕೊಳ್ಳುವುದಕ್ಕೆ ಇಡೀ ರೇಡಿಯೋ ವಾರ್ತೆ ಮುಗಿಯಬೇಕು. ಇದೇ ಜಾಗದಲ್ಲಿ, ಇದೇ ಬೆಳಕಿಂಡಿಯ ಕೆಳಗೆ, ಜಿನೆಟ್ ಟಾರ್ಚು ಹಿಡಿದು ನಿಂತಿರುತ್ತಿದ್ದಳು. ನನ್ನ ಕೈ ಮೇಲೆ ಬಿಡಬೇಡ, ಕೆಲಸದ ಮೇಲೆ ಬಿಡು ಎಂದು ಗದರಿಸಿದರೆ ಒಂದು ಅಂಗುಲ ಸರಿಸುತ್ತಿದ್ದಳು; ಸ್ವಲ್ಪ ಹೊತ್ತಿಗೆ ಬೆಳಕು ಮತ್ತೆ ಅವನ ಕೈಗೆ ಬರುತ್ತಿತ್ತು. ಎಷ್ಟು ಸಲ ಹೇಳಿದರೂ ಅಷ್ಟೇ. ಇಪ್ಪತ್ತು ವರ್ಷವಾದರೂ ಒಂದು ಟಾರ್ಚು ಹಿಡಿಯಲು ಬರಲಿಲ್ಲವಲ್ಲ ಎಂದು ಅವನು ಗೆಳೆಯರ ಮುಂದೆ ನಗುತ್ತ ಹೇಳಿದ್ದುಂಟು, ಅವಳೂ ಕಾಫಿ ತಂದಿಡುತ್ತ ನಕ್ಕದ್ದುಂಟು. ಈಚೆಗೆ ಯಾಕೋ ಆ ಬೆಳಕು ದಾರಿ ತಪ್ಪಿ ಕೈಗೆ ಬಂದದ್ದಲ್ಲವೇನೋ ಎಂಬ ಸಂಶಯ ಹುಟ್ಟಿ, ಅದನ್ನು ಅಲ್ಲಿಗೇ ಅದುಮುತ್ತಿದ್ದ.

ಹಳೆಯ ಥರ್ಮೋಸ್ಟಾಟ್ ಹೊರಗೆ ಬಂತು. ಬೆಲ್ಲದ ಬಣ್ಣಕ್ಕೆ ತಿರುಗಿದ ಒಂದು ಸಣ್ಣ ಬಿಲ್ಲೆ, ಒಂದು ಕಡೆ ಸ್ಪ್ರಿಂಗು. ವೆಂಡೆಲ್ ಅದನ್ನು ಬೆಳಕಿಗೆ ಹಿಡಿದು, ನೀವು ಹೇಳಿದ್ದೇ ನಿಜ, ಬಾಯಿ ತೆರೆದುಕೊಂಡೇ ಇದೆ ಎಂದು ತಂದು ತೋರಿಸಿದ. ಲೂಸಿಯನ್ ನೋಡಲಿಲ್ಲ. ಅದು ಹಾಗೆಯೇ ಇರುತ್ತದೆ ಎಂದು ಹೇಳಿದವನಿಗೆ ಅದನ್ನು ತೋರಿಸುವುದೆಂದರೇನು, ಪರೀಕ್ಷೆಯಲ್ಲಿ ಪಾಸಾದೆ ಎಂದು ಬೆನ್ನು ತಟ್ಟುವುದೇ? ವೆಂಡೆಲ್ ಬಟ್ಟೆಯಿಂದ ಕುಳಿಯ ಅಂಚನ್ನೆಲ್ಲ ಒರೆಸಿದ, ಅಂಟಿದ್ದ ಹಳೆಯ ರಬ್ಬರನ್ನು ಪ್ಲಾಸ್ಟಿಕ್ ಚೂರಿನಿಂದ ಕೆರೆದ. ಲೋಹದ ಚೂರಿ ಹಿಡಿದಿದ್ದರೆ, ಗೀರು ಬೀಳಿಸುತ್ತೀಯ ಎನ್ನಬಹುದಿತ್ತು. ಬೆಳಗಿನಿಂದ ಹೀಗೆ ಒಂದೊಂದೇ ಮಾತು ನಾಲಿಗೆಯ ತುದಿಗೆ ಬಂದು, ಹೇಳುವ ಸಂದರ್ಭವೇ ಒದಗದೆ, ಹಿಂದಕ್ಕೆ ಹೋಗಿ ಹೊಟ್ಟೆಯಲ್ಲಿ ಕೂರುತ್ತಿತ್ತು. ತಪ್ಪು ಮಾಡದೆ ಕೆಲಸ ಮಾಡುವವನನ್ನು ಎಷ್ಟು ಹೊತ್ತೆಂದು ನೋಡುತ್ತ ಕೂರುವುದು? ಅದು ಜಾಣತನವೂ ಅಲ್ಲ. ಭಯ. ತಪ್ಪಾದೀತೆಂಬ ಭಯದಿಂದ ಮಾಡುವ ಕೆಲಸಕ್ಕೂ ಗೊತ್ತಿದ್ದು ಮಾಡುವ ಕೆಲಸಕ್ಕೂ ವ್ಯತ್ಯಾಸವಿಲ್ಲವೇ?

ವೆಂಡೆಲ್ ಹೊಸ ಥರ್ಮೋಸ್ಟಾಟನ್ನು ಡಬ್ಬಿಯಿಂದ ತೆಗೆದು, ರಬ್ಬರಿನ ಉಂಗುರ ತೊಡಿಸಿ, ಸ್ಪ್ರಿಂಗು ಒಳಮುಖವಾಗುವಂತೆ ಕುಳಿಯ ಹತ್ತಿರ ಒಯ್ದ.

“ತಿರುಗ್ಸು,” ಎಂದ ಲೂಸಿಯನ್.

ಆ ಮಾತು ಎಲ್ಲಿಂದ ಬಂತೋ. ಬಾಯಿಗೆ ಅಷ್ಟು ಹೊತ್ತಿನಿಂದ ಕೆಲಸವಿರಲಿಲ್ಲ, ಅದೇ ಹೊರಟುಬಿಟ್ಟಿತು. ವೆಂಡೆಲ್ ಕೈ ಅಲ್ಲಿಗೇ ನಿಂತಿತು. ಫೋನಿನ ಕಡೆ ನೋಡಿದ, ಆಮೇಲೆ ಇವನ ಕಡೆ.

“ಸ್ಪ್ರಿಂಗ್ ಇಂಜಿನ್ ಕಡೆಗೆ ಅಂತಾನಲ್ಲ ಇವ್ನು?”

“ಇವ್ನು ಎಷ್ಟ್ ಕಾರ್ ಬಿಚ್ಚಿದಾನೆ? ಕೇಳು ಅವನ್ನ. ಸ್ಪ್ರಿಂಗು ಹೊರಗಡೆಗೆ.”

“ಹಳೇದು ಹೇಗಿತ್ತು ಅಂತ…”

“ಹಳೇದು ಹೇಗಿತ್ತು ಅನ್ನೋದು ನಂಗೆ ಹೇಳ್ಕೊಡ್ತೀಯಾ ನೀನು?”

ಇದನ್ನು ಹೇಳುತ್ತಿರುವಾಗ ಒಳಗೆ ಎಲ್ಲೋ ಒಂದು ಹೆಜ್ಜೆ ಜಾರಿದ ಹಾಗಾಯಿತು. ಎಷ್ಟು ಸಾವಿರ ಹಾಕಿದ್ದಾನೆ ಅವನು! ಆದರೆ ಯಾವತ್ತೂ ಬಾಯಲ್ಲಿ ಹೇಳಿದ್ದಲ್ಲ. ಡಬ್ಬಿಯಿಂದ ತೆಗೆದರೆ ಕೈ ತಾನಾಗಿ ತಿರುಗಿಕೊಳ್ಳುತ್ತಿತ್ತು, ಹೆಬ್ಬೆರಳು ತಾನಾಗಿ ಒತ್ತುತ್ತಿತ್ತು. ಅಷ್ಟರಲ್ಲಿ ಬಾಯಿ ಪಕ್ಕದವನ ಜೊತೆ ಹಾಕಿ ಆಟದ ಸುದ್ದಿ ಮಾತಾಡುತ್ತಿತ್ತು. ಒಳಗೆಯೋ ಹೊರಗೆಯೋ ಎಂದು ಕೇಳಿಕೊಂಡದ್ದೇ ಇಲ್ಲ. ಈಗ ಕಂಬಳಿಯ ಕೆಳಗೆ ಬಲಗೈಯನ್ನು ಮೆಲ್ಲನೆ ತಿರುಗಿಸಿ ನೋಡಿದ. ಕೈ ಏನೂ ಹೇಳಲಿಲ್ಲ. ಸೆಟೆದುಕೊಂಡು ಹಾಗೆಯೇ ಬಿದ್ದಿತ್ತು.

ವೆಂಡೆಲ್ ಒಂದು ಗಳಿಗೆ ಅವನನ್ನೇ ನೋಡಿದ. ಆಮೇಲೆ, ಸರಿ ಎಂದು, ಬಿಲ್ಲೆಯನ್ನು ತಿರುಗಿಸಿದ. ಕೂರಿಸಲು ಸ್ವಲ್ಪ ಒತ್ತಬೇಕಾಯಿತು. ಬೋಲ್ಟು ಎರಡನ್ನೂ ಒಂದಕ್ಕೆ ಅರ್ಧ ಸುತ್ತು, ಇನ್ನೊಂದಕ್ಕೆ ಅರ್ಧ ಸುತ್ತಿನ ಹಾಗೆ ಬಿಗಿದ. ಪೈಪು ಹಾಕಿ, ಹಸಿರು ನೀರು ತುಂಬಿ, ಇಂಜಿನ್ ಶುರುಮಾಡಿದ. ಇನ್ನೂ ಸ್ವಲ್ಪ ಹೊತ್ತು ಓಡಲಿ, ಬಿಸಿಯಾಗುವವರೆಗೆ ನೋಡೋಣ ಎಂದದ್ದಕ್ಕೆ ಲೂಸಿಯನ್, ಸಾಕು, ಅವಳಿಗೆ ಹೊತ್ತಾಗುತ್ತದೆ, ಮುಚ್ಚಳ ಹಾಕು ಎಂದ. ಅದನ್ನೂ ಹಾಕಿದ. ಕೊಲೆಟ್ ನರ್ಸಿನ ಬಟ್ಟೆಯ ಮೇಲೆ ದಪ್ಪ ಕೋಟು ತೊಟ್ಟು ಬಂದಳು. ಗಂಡಹೆಂಡಿರು ಕಾರಿನ ಕಿಟಕಿಯ ಹತ್ತಿರ ಏನೋ ಎರಡು ಮಾತಾಡಿದರು. ಅವಳು ಅಪ್ಪನಿಗೆ ಕೈಬೀಸಿ ಹೊರಟಳು. ಒಂದು ಮಾತಿಗೆ ಬೆನ್ನು ಬಾಗಿಸುವವನು, ಮೂವತ್ತೊಂಬತ್ತು ವರ್ಷದ ಗಂಡಸು, ಎಂದುಕೊಂಡ ಲೂಸಿಯನ್. ತನಗೆ ಸರಿ ಕಂಡದ್ದಕ್ಕೆ ಅಷ್ಟೂ ಹೋರಾಡದವನು. ಗೆದ್ದಿದ್ದೇನೆ ಎನ್ನಿಸಬೇಕಿತ್ತು. ಒಳಗೆ ಹೋಗಿ ಸೂಪು ಕುಡಿದ. ಅದಕ್ಕೆ ರುಚಿಯಿರಲಿಲ್ಲ.

ಕೊಲೆಟ್‌ಳ ಫೋನು ಬಂದಾಗ ಚಮಚ ಕೈಯಲ್ಲೇ ಇತ್ತು. ಆಲೂಗೆಡ್ಡೆ ತುಂಬಿಡುವ ಮಣ್ಣಿನ ಮಾಡಿನ ಹಳೆಯ ಗೋದಾಮಿನ ಹತ್ತಿರ ಕಾರು ನಿಲ್ಲಿಸಿದ್ದಾಳೆ, ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿನ ಕಡೆ ಹೋಗುತ್ತಿದೆ. ವೆಂಡೆಲ್ ಕೇಳಿಸಿಕೊಂಡು, ಸರಿ, ಸರಿ, ಬಂದೆವು ಎಂದ. ನಾನೂ ಬರುತ್ತೇನೆ ಎಂದ ಲೂಸಿಯನ್. ಹೋಗುವುದು ಲೂಸಿಯನ್‌ನ ಪಿಕಪ್ಪಿನಲ್ಲಿ, ಆದರೆ ಓಡಿಸುವವನು ವೆಂಡೆಲ್. ಸೆಪ್ಟೆಂಬರಿನಲ್ಲಿ ಒಂದು ದಿನ ಗಾಡಿ ಚರಂಡಿಗಿಳಿದ ಮೇಲೆ ಬೀಗದ ಕೈ ಅಡುಗೆಮನೆಯ ಮೊಳೆಯಿಂದ ವೆಂಡೆಲ್‌ನ ಜೇಬಿಗೆ ಹೋಗಿತ್ತು. ಯಾರೂ ಆ ಬಗ್ಗೆ ಏನೂ ಅಂದಿರಲಿಲ್ಲ. ದಾರಿಯುದ್ದಕ್ಕೂ ಕೊಯ್ಲಾದ ಹೊಲ, ಸಾಲುಗಳ ನಡುವೆ ತೆಳ್ಳಗೆ ಹಿಮ. ಬಹುಶಃ ಪೈಪು ಸರಿಯಾಗಿ ಕೂತಿರಲಿಕ್ಕಿಲ್ಲ ಎಂದುಕೊಂಡ. ಒಳಗೆ ಗಾಳಿ ಸೇರಿಕೊಂಡಿರಬಹುದು. ಹಾಡಿನ ಮೇಷ್ಟ್ರು ಕೈಹಾಕಿದರೆ ಇನ್ನೇನಾಗುತ್ತದೆ? ಹೀಗೆ ಎಂಟು ಮೈಲಿಯೂ ಕಾರಣ ಹುಡುಕಿದ. ಆದರೆ ಹೊರಟ ಗಳಿಗೆಯಿಂದ ಅವನಿಗೆ ಗೊತ್ತಿತ್ತು. ಕೈಗೆ ನೆನಪಾಗಿತ್ತು. ಪಿಕಪ್ಪಿನ ಬಾಗಿಲು ಹಿಡಿದು ಹತ್ತುವಾಗ, ಯಾರೂ ಕೇಳದಿರುವಾಗ, ಹೆಬ್ಬೆರಳು ತಾನಾಗಿ ಒಳಮುಖವಾಗಿ ಒತ್ತಿತ್ತು.

ಕೊಲೆಟ್ ರಸ್ತೆಯ ಅಂಚಿನಲ್ಲಿ ಕಾರಿನಾಚೆ ನಿಂತಿದ್ದಳು. ಬಾನೆಟ್ಟಿನ ಸಂದಿಯಿಂದ ತೆಳುವಾಗಿ ಆವಿ ಬರುತ್ತಿತ್ತು, ಅಷ್ಟೇ. ಮುಳ್ಳು ಪೂರಾ ಏರುವ ಮೊದಲೇ ನಿಲ್ಲಿಸಿದ್ದಾಳೆ, ಏನೆಂದರೂ ನನ್ನ ಮಗಳು ಎಂದು ಅವನಿಗೆ ಹೆಮ್ಮೆಯಾಯಿತು. ಅವಳು ಅಪ್ಪನ ಕಡೆ ನೋಡಲಿಲ್ಲ. ಗಂಡನಿಗೆ, ನೋಡಿ ಹಾಕಬಾರದಿತ್ತೇ, ಅಷ್ಟು ಹೊತ್ತು ಅದೇನು ಮಾಡಿದಿರಿ ಇಬ್ಬರೂ, ನಾನು ಕೆಲಸಕ್ಕೆ ಹೋಗುವುದು ಹೇಗೆ ಎಂದೆಲ್ಲ ಅಂದಳು.

“ನಂದೇ ತಪ್ಪು,” ಎಂದ ವೆಂಡೆಲ್. “ಥರ್ಮೋಸ್ಟಾಟ್ ತಿರುಗುಮುರುಗು ಹಾಕ್ಬಿಟ್ಟೆ ಅನ್ಸುತ್ತೆ.”

“ನಿಂಗೆ ಯಾಕ್ ಬೇಕಿತ್ತು ಈ ಕೆಲ್ಸ,” ಎಂದಳು ಅವಳು.

ಆಗ ಹೇಳಬಹುದಿತ್ತು. ಮೂರು ಮಾತು ಸಾಕಿತ್ತು. ಗಾಳಿ ಕಿವಿ ಕೊಯ್ಯುವ ಹಾಗೆ ಬೀಸುತ್ತಿತ್ತು, ಲೂಸಿಯನ್ ಟೋಪಿಯನ್ನು ಕೆಳಕ್ಕೆಳೆದುಕೊಂಡ. ಕೊಲೆಟ್ ಪಿಕಪ್ಪಿನ ಬೀಗದ ಕೈ ಇಸಿದುಕೊಂಡು ಹೊರಟುಹೋದಳು.

ಇಂಜಿನ್ ತಣಿಯುವವರೆಗೆ ಇಬ್ಬರೂ ಕಾರಿನೊಳಗೆ ಕೂತರು. ವೆಂಡೆಲ್ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ, ಬಟ್ಟಲನ್ನು ಅರ್ಧ ಮಾತ್ರ ತುಂಬಿ ಕೊಟ್ಟ. ತುಂಬ ಕೊಟ್ಟರೆ ಮುದುಕನ ಕೈ ನಡುಗಿ ಚೆಲ್ಲುತ್ತದೆ ಎಂಬ ಲೆಕ್ಕ. ಇವನೆಂಥ ಮನುಷ್ಯ? ಮಾಡದ ತಪ್ಪನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಗುನುಗುತ್ತ ಕೂತಿದ್ದಾನೆ. ಬೆನ್ನುಮೂಳೆ ಇದ್ದವನು ಹೀಗೆ ಮಾಡುತ್ತಾನೆಯೇ? ಆರ್ಮಾಂಡ್ ಹೀಗೆಯೇ ಇದ್ದ. ಅದೇ ಮೊದ್ದು ಮುಖ, ಬೈದರೆ ಕಣ್ಣು ಕೆಳಗೆ. ಕೆಲಸದ ಜಾಗದಲ್ಲಿ, ಕಾರಿನ ಕೆಳಗೆ ಇಳಿಯಲು ತೋಡಿದ ಪಕ್ಕದ ಗುಂಡಿಯಲ್ಲಿ ದುಡಿಯುತ್ತಿದ್ದವನು. ಆಯಿಲ್ ಬದಲಾಯಿಸಿದ ಒಂದು ಕಾರಿನ ಕೆಳಗಿನ ಬಿರಡೆ ಬಿಗಿಯದೆ ಹೋಗಿ, ದಾರಿಯಲ್ಲಿ ಆಯಿಲ್ ಪೂರಾ ಸೋರಿ, ಇಂಜಿನ್ ಕಚ್ಚಿಕೊಂಡು ನಿಂತುಹೋಗಿತ್ತು. ಯಜಮಾನ ಇಬ್ಬರನ್ನೂ ನಿಲ್ಲಿಸಿ ಯಾರೆಂದು ಕೇಳಿದ. ಲೂಸಿಯನ್ ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತಿದ್ದ. ಒರೆಸಿಕೊಳ್ಳುತ್ತಲೇ ಇದ್ದ, ಒಂದೊಂದೇ ಬೆರಳನ್ನು. ಆರ್ಮಾಂಡ್ ಯೋಚಿಸಿ ಯೋಚಿಸಿ, ನಾನೇ ಇರಬೇಕು, ಅವತ್ತು ನನಗೆ ಮೈ ಸರಿಯಿರಲಿಲ್ಲ ಎಂದ. ಅವನು ನಿಜವಾಗಿ ಹಾಗೆಯೇ ನಂಬಿದ್ದ! ಆ ವಾರವೇ ಅವನನ್ನು ತೆಗೆದರು. ಆಲೂಗೆಡ್ಡೆ ಹೆಚ್ಚುವ ಕಾರ್ಖಾನೆಗೆ ಸೇರಿದ. ಎಷ್ಟೋ ವರ್ಷದ ಮೇಲೆ ಅಂಗಡಿಯಲ್ಲಿ ಸಿಕ್ಕಾಗ ಹಿಗ್ಗಿ ಎರಡೂ ಕೈಯಲ್ಲಿ ಇವನ ಕೈ ಹಿಡಿದುಕೊಂಡಿದ್ದ. ಅವನ ಮೇಲೆ ಎಂಥ ತಾತ್ಸಾರ ಬಂತು ಆಗ ಲೂಸಿಯನ್‌ಗೆ. ಒಬ್ಬ ಮನುಷ್ಯ ತನ್ನ ಕೈ ಏನು ಮಾಡಿತು ಎಂದೂ ತಿಳಿಯದಷ್ಟು ದಡ್ಡನಾಗಿರಬಹುದೇ ಎಂದು, ಹಾಲಿನ ಡಬ್ಬಗಳ ಸಾಲಿನ ಮುಂದೆ, ಅವನ ಬಿಸಿ ಅಂಗೈಗಳಿಂದ ಕೈ ಬಿಡಿಸಿಕೊಳ್ಳಲಾರದೆ ನಿಂತಿದ್ದ.

“ನೀನೇ ಮಾಡ್ದೆ ಅಂತ ಯಾಕ್ ಅಂದೆ?” ಎಂದು ಕೇಳಿದ, ಗಾಜಿನಾಚೆ ನೋಡುತ್ತ.

ವೆಂಡೆಲ್ ಗುನುಗುವುದನ್ನು ನಿಲ್ಲಿಸಿದ. “ಹಾಕಿದ್ದು ನನ್ ಕೈ ತಾನೆ,” ಎಂದ.

ಎಷ್ಟು ನುಣುಪಾದ ಮಾತು. ಚರ್ಚಿನಲ್ಲಿ ಕಲಿತದ್ದಿರಬೇಕು. ಲೂಸಿಯನ್ ಖಾಲಿ ಬಟ್ಟಲು ವಾಪಸು ಕೊಟ್ಟ. ವೆಂಡೆಲ್ ಇಳಿದು ಬಾನೆಟ್ಟು ಎತ್ತಿದ. ಈಗ ಫೋನು ಹೊರಗೆ ಬರಲಿಲ್ಲ. ಎತ್ತಿದ ಬಾನೆಟ್ಟಿನ ಕೆಳಗಿನ ಸಂದಿಯಲ್ಲಿ ನೀಲಿ ಗವಸಿನ ಕೈಗಳಷ್ಟೇ ಕಾಣುತ್ತಿದ್ದವು. ಬಿಚ್ಚಿದವು, ಒರೆಸಿದವು, ಬಿಲ್ಲೆಯನ್ನು ತಿರುಗಿಸಿ ಕೂರಿಸಿದವು. ಯಾವ ಕಡೆಗೆ ಎಂದು ಕೇಳಲಿಲ್ಲ. ಕೇಳುತ್ತಾನೇನೋ ಎಂದು ಲೂಸಿಯನ್ ಕಿಟಕಿಯ ಗಾಜನ್ನು ಎರಡು ಬೆರಳಗಲ ಇಳಿಸಿಕೊಂಡು, ಚಳಿಯನ್ನು ಒಳಕ್ಕೆ ಬಿಟ್ಟುಕೊಂಡು ಕಾದ. ಮನೆಗೆ ಹಿಂದಿರುಗುವಾಗ ಮುಳ್ಳು ನಟ್ಟನಡುವೆ ನಿಂತಿತ್ತು, ಕಾಲಿನ ಮೇಲೆ ಬಿಸಿಗಾಳಿ ಬರುತ್ತಿತ್ತು. ಪಾದಗಳಿಗೆ ಅದು ಹಿತವಾಗಿತ್ತು. ಆ ಹಿತವನ್ನು ಅವನು ದ್ವೇಷಿಸಿದ.

ಮರುದಿನ ಭಾನುವಾರ. ವೆಂಡೆಲ್ ಪ್ರಾರ್ಥನೆಯ ಹಾಡಿಗೆಂದು ಬೇಗನೆ ಚರ್ಚಿಗೆ ಹೋಗಿದ್ದ. ಕೊಲೆಟ್ ಒಲೆಯ ಮುಂದೆ ನಿಂತು ಬಕ್‌ವೀಟ್ ಹಿಟ್ಟಿನ, ಪ್ಲೋಯ್ ಎನ್ನುವ ದೋಸೆ ಹುಯ್ಯುತ್ತಿದ್ದಳು. ಒಂದೇ ಬದಿ ಬೇಯಬೇಕು, ಮೇಲೆಲ್ಲ ಕಣ್ಣು ಬಿಡಬೇಕು. ಲೂಸಿಯನ್ ರಾತ್ರಿಯೆಲ್ಲ ಮಾತನ್ನು ಮಸೆದು ಮಸೆದು ಸಿದ್ಧಮಾಡಿಟ್ಟುಕೊಂಡಿದ್ದ. ಹೇಳಿದ ಮೇಲೆ ಮಗಳ ಮುಖ ಹೇಗಾಗುತ್ತದೆ, ಗಂಡನನ್ನು ಬೀದಿಯಲ್ಲಿ ಬೈದದ್ದಕ್ಕೆ ಹೇಗೆ ಅಪ್ಪನ ಮೇಲೆ ತಿರುಗಿಬೀಳುತ್ತಾಳೆ, ತಾನು ಹೇಗೆ ಕಲ್ಲಿನ ಹಾಗೆ ಕೂತು ಅಷ್ಟನ್ನೂ ಕೇಳಿಸಿಕೊಳ್ಳುತ್ತೇನೆ, ಎಲ್ಲವನ್ನೂ ನೋಡಿಕೊಂಡಿದ್ದ. ಅದರಲ್ಲಿ ಒಂದು ಘನತೆಯಿತ್ತು. ಆ ಅಳಿಯನಿಗೆ ಬಾರದಂಥ ನೇರ.

“ನಿನ್ನೆ ತಿರುಗ್ಸಿ ಹಾಕು ಅಂದೋನು ನಾನು,” ಎಂದ. “ಅವ್ನು ಸರ್ಯಾಗೇ ಹಾಕ್ತಿದ್ದ.”

“ಗೊತ್ತು ಪಪ್ಪಾ,” ಎಂದಳು ಕೊಲೆಟ್, ಕಾವಲಿಯಿಂದ ಕಣ್ಣು ತೆಗೆಯದೆ.

“ಗೊತ್ತು ಅಂದ್ರೆ?”

“ಹೊರಡೋವಾಗ್ಲೇ ಹೇಳಿದ್ದ. ಮುಳ್ಳು ನೋಡ್ತಾ ಹೋಗು, ನಡು ದಾಟಿದ್ ಕೂಡ್ಲೇ ನಿಲ್ಸು ಅಂತ.” ದೋಸೆಯನ್ನು ತಟ್ಟೆಗೆ ಹಾಕಿದಳು. “ಏನಾಗಿಲ್ಲ ಬಿಡಿ.”

“ಮತ್ತೆ ರಸ್ತೇಲಿ ಅವನಿಗೆ ಬೈದ್ಯಲ್ಲ?”

ಅವಳು ಸ್ವಲ್ಪ ನಕ್ಕಳು. ಆಸ್ಪತ್ರೆಯ ಮುದುಕರ ಹತ್ತಿರ ನಗುವ ನಗು ಅದು. ಅವನು ಒಂದೆರಡು ಸಲ ಅಲ್ಲಿ ಹೋದಾಗ ಕಂಡಿದ್ದ.

“ನಿಮ್ಮೆದುರಿಗೆ ಇನ್ನೇನ್ ಮಾಡ್ಲಿ?”

ಲೂಸಿಯನ್ ಮೇಜಿನ ಅಂಚನ್ನು ಹಿಡಿದುಕೊಂಡ. ಹಾಗಾದರೆ ಆ ಗಾಳಿಯಲ್ಲಿ ಅವರಿಬ್ಬರೂ ಎದುರುಬದುರು ನಿಂತು ಆಡಿದ್ದು ನಾಟಕ. ಕೂತು ನೋಡಿದವನು ತಾನೊಬ್ಬನೇ. ಒಂದು ಮಾತು ಹೇಳಲಾರದೆ ಟೋಪಿ ಎಳೆದುಕೊಂಡದ್ದನ್ನೂ ಅವರು ನೋಡಿದ್ದಾರೆ, ನೋಡಿ, ನೋಡದವರ ಹಾಗೆ ಇದ್ದಾರೆ. ಎಷ್ಟು ದಿನದಿಂದ? ಆ ಗೋಡೆಯಾಚೆಯ ಮಾತನ್ನೂ ತನಗೆ ಕೇಳಲೆಂದೇ ಆಡಿದ್ದರೇ? ಅವನಿಗೆ ಸಿಟ್ಟು ಬರಬೇಕಿತ್ತು. ಸಿಟ್ಟು ಹುಡುಕಿದ, ಸಿಕ್ಕಿದ್ದು ಒಂದೇ ಒಂದು ಮಾತು, ಅದೂ ಗ್ಯಾರೇಜಿನ ಮಾತು.

“ಇಂಜಿನ್ ಹಾಳಾಗಿದ್ರೆ? ಒಂದು ಮೈಲಿ ಹೆಚ್ಗೆ ಓಡ್ಸಿದ್ರೆ ಮುಗೀತಿತ್ತು. ಇಡೀ ಇಂಜಿನ್ ಹೋಗೋದು. ಅವನಿಗೆ ತಲೆ ಬೇಡ್ವಾ?”

“ಇಂಜಿನ್ ತಾನೆ, ಪಪ್ಪಾ,” ಎಂದಳು ಕೊಲೆಟ್.

ಮೃದುವಾಗಿ ಅಂದಳು. ದೋಸೆಯ ಪಕ್ಕಕ್ಕೆ ಹುರಿದ ಹಂದಿಮಾಂಸದ ಒಂದು ದಪ್ಪ ಹೋಳು ಇಟ್ಟು, ತಟ್ಟೆಯನ್ನು ಅವನ ಮುಂದಕ್ಕೆ ಸರಿಸಿದಳು. ಅವನು ಅದನ್ನು ಅಂಗೈಯಿಂದ ದೂರ ತಳ್ಳಿದ. ತಟ್ಟೆ ಮೇಜಿನ ನಡುವಿಗೆ ಹೋಗಿ ನಿಂತಿತು. ಅವಳು ಒಲೆಯಿಂದ ತಿರುಗಿ ನೋಡಿದಳು, ತಟ್ಟೆಯನ್ನು, ಆಮೇಲೆ ಅವನ ಕೈಗಳನ್ನು. ಅಯ್ಯೋ, ಮರೆತೇಬಿಟ್ಟೆ ಎಂದು, ಪಕ್ಕದಲ್ಲಿ ಬಂದು ಬಾಗಿ, ಚಾಕುವಿನಿಂದ ಮಾಂಸವನ್ನು ಸಣ್ಣಸಣ್ಣ ತುಂಡು ಮಾಡಿದಳು. ದೋಸೆಗೆ ಬೆಣ್ಣೆ ಸವರಿ, ಸುರುಳಿ ಸುತ್ತಿ, ಅದನ್ನೂ ತುಂಡು ಮಾಡಿ, ಮತ್ತೆ ಮುಂದಕ್ಕಿಟ್ಟು ಒಲೆಯ ಕಡೆಗೆ ಹೋದಳು. ಲೂಸಿಯನ್ ಅವಳ ಬೆನ್ನನ್ನು ನೋಡುತ್ತ ಕೂತ. ಆಮೇಲೆ ಒಂದು ತುಂಡನ್ನು ಎರಡು ಬೆರಳ ನಡುವೆ ಸಿಕ್ಕಿಸಿಕೊಂಡು ಬಾಯಿಗೆ ಹಾಕಿಕೊಂಡ.